ಓಸ್ಲೋದಲ್ಲಿ ಎರೆದ ನೀರು

ಗೋಥೆನ್‌ಬರ್ಗ್, ಸ್ವೀಡನ್
7 ಅಕ್ಟೋಬರ್ 2024

ಪ್ರೀತಿಯ ಅತ್ತಿಗೆಗೆ ನಿಸರ್ಗಳ ನಮಸ್ಕಾರ.

ಕೈಯಲ್ಲಿ ಫೋನ್ ಇಟ್ಟುಕೊಂಡು ಅಂಚೆಯಲ್ಲಿ ಕಾಗದ ಬರೆಯುವ ಗತಿ ಬಂತು ನೋಡಿ. ಏನು ಮಾಡಲಿ, ನಾನು ಫೋನ್ ಮಾಡಿದರೆ ದಿಲೀಪಣ್ಣ ಸ್ಪೀಕರ್ ಹಾಕಿ ನಡುಮನೆಯಲ್ಲಿ ಇಡುತ್ತಾನೆ. ಅಪ್ಪ ಕೆಮ್ಮುತ್ತಾರೆ, ಪಕ್ಕದ ಮನೆ ಚಲುವಯ್ಯ ಬಂದು ಕೂರುತ್ತಾನೆ, ನೀವು ಎಲ್ಲರ ಹಿಂದೆ ನಿಂತು "ಊಟ ಆಯ್ತಾ" ಅನ್ನುತ್ತೀರಿ. ಅದೂ ಒಂದು ಮಾತೇ? ನೀವು ಹೊಲಿಗೆ ಕಲಿಯುವ ಚಿಕ್ಕಲಕ್ಷ್ಮಮ್ಮನ ಅಂಗಡಿಯ ವಿಳಾಸ ಕೊಟ್ಟಿದ್ದು ಒಳ್ಳೆಯದಾಯಿತು. ಇಲ್ಲಿ ಮನಸ್ಸು ಬಿಚ್ಚಿ ಬರೆಯಬಹುದು.

ಈ ಶನಿವಾರ, ಭಾನುವಾರ ಓಸ್ಲೋಗೆ ಹೋಗಿಬಂದೆವು. ನಾರ್ವೆಯ ರಾಜಧಾನಿ. ಹಾಸನದಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋದ ಹಾಗೆ, ನಡುವೆ ಒಂದು ದೇಶ ಮುಗಿದು ಇನ್ನೊಂದು ಶುರುವಾಗಿದ್ದು ಗೊತ್ತೇ ಆಗಲಿಲ್ಲ. ಹೋದವರು ಒಂದೇ ತರಗತಿಯ ನಾಲ್ವರು: ಪೋಲೆಂಡಿನ ಮಾರ್ತಾ, ಗ್ರೀಸಿನ ನಿಕೋಸ್, ನಾನು, ಆತ್ರೇಯ. ಆತ್ರೇಯ ನಮ್ಮ ಹೊಳೆನರಸೀಪುರದವನು. ಅವರಪ್ಪ ಸಂಪತ್ಕುಮಾರ ಮೇಷ್ಟ್ರು, ಸಂಸ್ಕೃತ ಪಾಠ ಹೇಳಿ ನಿವೃತ್ತರಾದವರು. ಇಷ್ಟು ದೂರ ಬಂದರೂ ಹೇಮಾವತಿ ನೀರು ಕುಡಿದವನೇ ಗಂಟುಬೀಳಬೇಕೇ ಅಂತ ಇಬ್ಬರೂ ನಗುತ್ತೇವೆ. ನಿಮ್ಮ ಕಣ್ಣು ಅಗಲವಾದದ್ದು ಇಲ್ಲಿಗೇ ಕಾಣಿಸುತ್ತಿದೆ. ಅಂಥದ್ದೇನೂ ಇಲ್ಲ. ನಾನು ಬೆಳ್ಳುಳ್ಳಿ ಜಜ್ಜಿದರೆ ಮೂಗು ಮುಚ್ಚಿಕೊಂಡು ಓಡುವ ಹುಡುಗ, ಅವನನ್ನು ಯಾರು ಕಟ್ಟಿಕೊಳ್ಳುತ್ತಾರೆ.

ಸಮುದ್ರದ ದಡದಲ್ಲಿ ಒಂದು ದೊಡ್ಡ ಸಂಗೀತ ಭವನ ಇದೆ, ಅತ್ತಿಗೆ. ಅದರ ಚಾವಣಿ ಬಿಳಿ ಕಲ್ಲಿನ ಇಳಿಜಾರು, ನೀರಿನ ಅಂಚಿನವರೆಗೂ ಇಳಿದು ಬಂದಿದೆ. ಜನ ಮಕ್ಕಳನ್ನು ಕಟ್ಟಿಕೊಂಡು ಅದರ ಮೇಲೆ ಹತ್ತಿ ಓಡಾಡುತ್ತಾರೆ. ಹೆಂಚಿನ ಮೇಲೆ ಹತ್ತಿದರೆ ಅಪ್ಪನ ಕೈಲಿ ಏಟು ತಿನ್ನುತ್ತಿದ್ದವಳಿಗೆ ಅದೇ ದೊಡ್ಡ ಸಂಭ್ರಮ. ಶನಿವಾರ ಮಧ್ಯಾಹ್ನ ಸ್ವಲ್ಪ ತಲೆನೋವು ಬಂದು ಕೂತುಬಿಟ್ಟೆ, ಅಷ್ಟು ಬಿಟ್ಟರೆ ಎಲ್ಲ ಚೆನ್ನಾಗಿತ್ತು.

ಒಂದೇ ಬೇಜಾರು. ನೀವು ಅಂಚು ಹೊಲಿದುಕೊಟ್ಟ ಹಳದಿ ದುಪಟ್ಟಾ ಅಲ್ಲೆಲ್ಲೋ ಕಳೆದುಹೋಯಿತು. ಗಾಳಿ ಜೋರಿತ್ತು. ಬೈಯಬೇಡಿ.

ಚನ್ನರಾಯಪಟ್ಟಣದ ಸಂಬಂಧದವರು ಮತ್ತೆ ಬಂದಿದ್ದರಾ? ಡಿಸೆಂಬರ್ ರಜೆಗೆ ಬಂದಾಗ ಹುಡುಗನ ಜೊತೆ ಮಾತಾಡುತ್ತೇನೆ ಅಂತ ಅಪ್ಪನಿಗೆ ಒಪ್ಪಿಕೊಂಡಿದ್ದೇನೆ. ಮಾತಾಡುವುದಕ್ಕೆ ಮಾತ್ರ.

ನಿಮ್ಮ ನಿಸರ್ಗ


ಮಲ್ಲಿಪಟ್ಟಣ
14 ಅಕ್ಟೋಬರ್ 2024

ನಿಸರ್ಗ,

ನಿನ್ನ ಕಾಗದ ಬಂದಿಲ್ಲ. ಬರೆದಿದ್ದೀಯೋ ಇಲ್ಲವೋ ಗೊತ್ತಿಲ್ಲ. ಚಿಕ್ಕಲಕ್ಷ್ಮಮ್ಮನ ಅಂಗಡಿಯಲ್ಲಿ ಕೂತು ನಾನೇ ಬರೆಯುತ್ತಿದ್ದೇನೆ. ನೇರವಾಗಿ ಕೇಳುತ್ತೇನೆ, ನೇರವಾಗಿ ಹೇಳು. ನೀನು ಮದುವೆ ಆದೆಯಾ?

ಬುಧವಾರ ಚನ್ನರಾಯಪಟ್ಟಣದಿಂದ ನಿನ್ನಣ್ಣನ ಫೋನಿಗೆ ಒಂದು ಫೋಟೋ ಬಂತು. ಗಂಡಿನ ಅಕ್ಕ ಕಳಿಸಿದ್ದು. ನಿನ್ನ ಜೊತೆ ಓದುವವನು ಯಾರೋ ಹಾಕಿದ್ದಂತೆ, ಅವಳು ಹುಡುಕಿ ಹಿಡಿದಿದ್ದಾಳೆ. ಬಿಳಿ ಕಲ್ಲಿನ ಮೆಟ್ಟಿಲು, ಹಿಂದೆ ಸಮುದ್ರ. ನೀನು ಎರಡು ಕೈ ಚಾಚಿದ್ದೀಯ. ನಿನ್ನ ಕೈ ಒಳಗೆ ಒಬ್ಬ ಹುಡುಗನ ಕೈ ಇದೆ. ಅವನ ಹೆಸರು, ಊರು ಹೊಳೆನರಸೀಪುರ ಅನ್ನುವುದನ್ನೂ ಗಂಡಿನ ಅಕ್ಕನೇ ಪತ್ತೆ ಮಾಡಿ ಕಳಿಸಿದ್ದಾಳೆ. ಅವನ ಮಣಿಕಟ್ಟಿನಲ್ಲಿ ಹಳದಿ ಬಟ್ಟೆಯ ಕಂಕಣ. ಒಬ್ಬ ಬಿಳಿ ಹುಡುಗಿ ನಿಂತುಕೊಂಡು ಇಬ್ಬರ ಕೈ ಮೇಲೆ ನೀರು ಬಿಡುತ್ತಿದ್ದಾಳೆ. ನೀವಿಬ್ಬರೂ ತಲೆ ತಗ್ಗಿಸಿದ್ದೀರಿ.

ನಮ್ಮ ಜನಕ್ಕೆ ಇನ್ನೇನು ಬೇಕು ಹೇಳು? ತಾಳಿ ಆಮೇಲಿನ ಮಾತು. ಕೈಗೆ ಕೈ ಸೇರಿಸಿ ನೀರು ಬಿಟ್ಟರೆ ಧಾರೆ ಆಯಿತು, ಧಾರೆ ಆದ ಮೇಲೆ ಯಾರು ಬಂದರೂ ಬಿಡಿಸುವ ಹಾಗಿಲ್ಲ. ಚಲುವಯ್ಯ ಕನ್ನಡಕ ಏರಿಸಿಕೊಂಡು ನೋಡಿ, "ಧಾರೆ ಆಗೋಗದೆ ಕಣ್ಲಾ ರಾಮಣ್ಣ, ಇನ್ನೇನ್ ನೋಡೀಯೆ" ಅಂತ ಮಾವನಿಗೆ ಅಂದ. ಮಾವ ಫೋನನ್ನು ದಿಂಡಿನ ಮೇಲೆ ಬೋರಲು ಹಾಕಿ ಎದ್ದು ಹೋದರು. ಚನ್ನರಾಯಪಟ್ಟಣದವರು ಸಂಬಂಧ ಬೇಡ ಎಂದು ಆಗಲೇ ಹೇಳಿಯಾಯಿತು.

ನಾನು ನಿನ್ನ ಪರ ನಿಂತೆ. ಅವಳು ಏನೇ ಮಾಡಿದರೂ ನನಗೆ ಮೊದಲು ಹೇಳುತ್ತಾಳೆ, ಇದು ಏನೋ ಆಟ ಇರಬೇಕು ಅಂದೆ. ನಿನ್ನಣ್ಣ ಹಾರಾಡಿದ, ಆಮೇಲೆ ಸುಮ್ಮನಾದ. ನಿನಗೆ ಫೋನಿನಲ್ಲಿ ಯಾರೂ ಈ ಸುದ್ದಿ ಎತ್ತಬಾರದು ಅಂತ ಕಟ್ಟಾಜ್ಞೆ ಮಾಡಿದ್ದಾನೆ. ನೀನೂ ಎತ್ತಬೇಡ, ಎತ್ತಿದರೆ ನಾನು ಬರೆದದ್ದು ಗೊತ್ತಾಗುತ್ತದೆ.

ನಾನು ಬಚ್ಚಲಲ್ಲಿ ಜಾರಿ ಬಿದ್ದೆ. ಮುಂದಿನ ಹಲ್ಲು ಒಂದು ಹೋಯಿತು. ಫೋನೂ ಕೈಯಲ್ಲಿತ್ತು, ಅದೂ ಒಡೆಯಿತು. ಹಾಗಾಗಿ ನನಗೆ ಮೆಸೇಜು ಗಿಸೇಜು ಹಾಕಬೇಡ. ಚಿಕ್ಕಲಕ್ಷ್ಮಮ್ಮನ ಮನೆಯ ಫೋನು ಅವಳ ಮಗನ ಕೈಲಿ, ಅವನು ನಿನ್ನಣ್ಣನ ಜೊತೆ ತಿರುಗುವವನು. ಕಾಗದವೇ ಬರೆ. ಬೇಗ ಬರೆ.

ಅನುಶ್ರೀ


ಮಲ್ಲಿಪಟ್ಟಣ
28 ಅಕ್ಟೋಬರ್ 2024

ನಿಸರ್ಗ,

ಮೊನ್ನೆ ನಿನ್ನ ಕಾಗದ ಬಂತು. ಏಳನೇ ತಾರೀಕಿನದು. ಅಂಗಡಿಯ ಹಿಂದೆ ನಿಂತು ಓದಿದೆ.

ದುಪಟ್ಟಾ ಗಾಳಿಗೆ ಕಳೆದುಹೋಯಿತೇ? ಆ ಅಂಚು ಹೊಲಿದವಳು ನಾನು. ಕೆಂಪು ದಾರ ಮುಗಿದು ಒಂದು ಗೇಣು ಕಿತ್ತಳೆ ದಾರ ಹಾಕಿದ್ದೆ, ನಿನಗೂ ತೋರಿಸಿದ್ದೆ. ನಿನ್ನಣ್ಣನ ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ನೋಡಿದರೆ ಆ ಹುಡುಗನ ಕೈಯಲ್ಲಿ ಅದೇ ಕಿತ್ತಳೆ ದಾರ. ಬಟ್ಟೆ ಹರಿದು ಕಂಕಣ ಕಟ್ಟಿಕೊಂಡು, ನನಗೆ ಗಾಳಿಯ ಕಥೆ ಹೇಳುತ್ತೀಯ. ಮದುವೆ ಆಗಿದ್ದಕ್ಕೆ ನನಗೆ ಸಿಟ್ಟಿಲ್ಲ ಕಣೇ. ನನಗೂ ಸುಳ್ಳು ಹೇಳಿದೆಯಲ್ಲ, ಅದಕ್ಕೆ ಸಿಟ್ಟು. ನಿನ್ನ ಪರವಾಗಿ ನಾನು ಏನೇನು ಅನುಭವಿಸಿದೆ ಅಂತ ನಿನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ನಿನ್ನೆ ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ನಿನ್ನಣ್ಣ ಮತ್ತೆ ಫೋನ್ ಹಿಡಿದ. "ಅದು ನೀನ್ ಒಲ್ದಿದ್ ಬಟ್ಟೆ ಅಲ್ವೇನೆ? ನಿಜ ಹೇಳು" ಅಂದ. ಇಷ್ಟು ದಿನ ಅಲ್ಲ ಎಂದು ವಾದಿಸಿದ್ದೆ. ನಿನ್ನೆ ಹೌದು ಅಂದೆ. ಸಿಟ್ಟಿನಲ್ಲಿ ಅಂದೆನೋ, ಸಾಕಾಗಿ ಅಂದೆನೋ. ಅವನು ಕೂಗಾಡಲಿಲ್ಲ. ತಟ್ಟೆಯಲ್ಲಿದ್ದ ರೊಟ್ಟಿ ಪೂರ್ತಿ ತಿಂದ, ಕೈ ತೊಳೆದ, ಇಬ್ಬರನ್ನು ಕೂಗಿ ಬೊಲೆರೊ ಹತ್ತಿಸಿಕೊಂಡು ಹೋದ. ಸಂಜೆ ಬಂದ. ಅಂಗಿ ಬೇರೆ ಇತ್ತು. ಎಲ್ಲಿಗೆ ಹೋಗಿದ್ದೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಆಗಿದ್ದು ಆಯಿತು. ಚೆನ್ನಾಗಿರು. ನನಗೆ ಬರೆಯಬೇಡ.

ಅನುಶ್ರೀ


ಗೋಥೆನ್‌ಬರ್ಗ್
2 ನವೆಂಬರ್ 2024

ಅತ್ತಿಗೆ,

ನಿಮ್ಮ ಹದಿನಾಲ್ಕನೇ ತಾರೀಕಿನ ಕಾಗದ ಇವತ್ತು ಬಂತು. ಓದಿ ಮೊದಲು ನಕ್ಕೆ. ಧಾರೆಯಂತೆ! ಮಾರ್ತಾಳಿಗೆ, ನೀನು ನನ್ನ ಮದುವೆ ಮಾಡಿಸಿದ್ದೀಯ ಕಣೇ ಅಂದೆ, ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಆಮೇಲೆ ನಗು ನಿಂತುಹೋಯಿತು. ನಾನು ನಿಮಗೆ ನಿಜ ಬರೆಯದೇ ಇದ್ದದ್ದಕ್ಕೇ ಇದೆಲ್ಲ ಆಗಿದೆ. ಈಗ ಬರೆಯುತ್ತೇನೆ.

ಶನಿವಾರ ಮಧ್ಯಾಹ್ನ ರೈಲು ನಿಲ್ದಾಣದಿಂದ ಆ ಸಂಗೀತ ಭವನದ ಕಡೆ ನಡೆದು ಹೋಗುತ್ತಿದ್ದೆವು. ಒಬ್ಬ ಕುಡುಕ ಹಿಂದಿನಿಂದ ಬಂದು ನನ್ನ ಜಡೆ ಹಿಡಿದು ಎಳೆದ. ನಿಮ್ಮ ದೇಶಕ್ಕೆ ಹೋಗು ಅಂತ ಇಂಗ್ಲಿಷಿನಲ್ಲಿ ಕಿರುಚುತ್ತಿದ್ದ. ನಾನು ಅಂಗಾತ ಬಿದ್ದೆ. ಎರಡು ಮಾರು ಎಳೆದುಕೊಂಡು ಹೋದ, ಅತ್ತಿಗೆ, ಕೂದಲು ಬೇರಿನಿಂದ ಕಿತ್ತು ಬರುವುದು ಕಿವಿಗೆ ಕೇಳಿಸುತ್ತದೆ. ಕೈಗೆ ಸಿಕ್ಕಿದ ಅವನ ತೋಳನ್ನು ಕಚ್ಚಿದೆ. ಮಾಂಸಕ್ಕೆ ಹಲ್ಲು ಇಳಿಯುವಷ್ಟು ಕಚ್ಚಿದೆ. ಅವನು ಬಾಟಲಿಯನ್ನು ಗೋಡೆಗೆ ಬಡಿದು ಒಡೆದು ನನ್ನ ಮುಖಕ್ಕೆ ಬೀಸಿದ. ಆತ್ರೇಯ ಅಡ್ಡ ಕೈ ಕೊಟ್ಟ. ಅಂಗೈ ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಸೀಳಿಹೋಯಿತು. ಜನ ಓಡಿಬಂದು ಅವನನ್ನು ಕೆಡವಿ ಹಿಡಿದರು. ನಾನು ಎದ್ದು ಹೋಗಿ ಕೆಳಗೆ ಬಿದ್ದವನನ್ನು ಒದ್ದೆ. ಒಂದು ಸಲ ಅಲ್ಲ. ಮಾರ್ತಾ ಸೊಂಟ ಹಿಡಿದು ಎಳೆಯುವವರೆಗೂ ಒದ್ದೆ. ಹಾಗೆ ಒದೆಯುವವಳು ನನ್ನೊಳಗೆ ಇದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಬಾಯಿ ತೊಳೆದರೂ ಅವನ ರಕ್ತದ ರುಚಿ ಹೋಗಲಿಲ್ಲ.

ಆಂಬುಲೆನ್ಸ್ ಬರುವವರೆಗೆ ಆತ್ರೇಯನನ್ನು ಬಿಳಿ ಮೆಟ್ಟಿಲ ಮೇಲೆ ಕೂರಿಸಿದೆವು. ನಿಮ್ಮ ದುಪಟ್ಟಾ ಹರಿದು ಅವನ ಮಣಿಕಟ್ಟಿಗೆ ಬಿಗಿದೆ. ಗಾಜಿನ ಚೂರು ಹೋಗಲಿ ಎಂದು ಅವನ ಕೈ ನನ್ನ ಬೊಗಸೆಯಲ್ಲಿ ಹಿಡಿದೆ, ಮಾರ್ತಾ ಬಾಟಲಿಯ ನೀರು ಸುರಿದಳು. ನಿಕೋಸ್ ಇದ್ಯಾವುದೂ ಗೊತ್ತಿಲ್ಲದೆ ದೂರದಿಂದ ಕಾಫಿ ಹಿಡಿದು ಬರುತ್ತಿದ್ದ. ಚೆನ್ನಾಗಿ ಕಂಡಿತಂತೆ, ಫೋಟೋ ಹೊಡೆದು ಅಲ್ಲಿಂದಲೇ ಹಾಕಿದ. ಆಮೇಲೆ ಅಳಿಸಿದನಂತೆ. ನನಗೆ ಇವತ್ತೇ ಗೊತ್ತಾಗಿದ್ದು.

ಇದನ್ನು ಬರೆದರೆ ಅಪ್ಪ ಓದು ಬಿಡಿಸಿ ವಾಪಸು ಕರೆಸುತ್ತಾರೆ ಅಂತ ಹೆದರಿ ತಲೆನೋವು ಅಂದೆ. ಗಾಳಿ ಅಂದೆ. ಈ ಕಾಗದವನ್ನು ಅಣ್ಣನಿಗೆ ತೋರಿಸಿಬಿಡಿ, ನೀವು ಬರೆದು ಕೇಳಿದ್ದು ಗೊತ್ತಾದರೂ ಪರವಾಗಿಲ್ಲ. ಅವನು ಮುಂಗೋಪಿಯೇ ಹೊರತು ಕೆಟ್ಟವನಲ್ಲ. ನಿನ್ನೆ ಫೋನಿನಲ್ಲಿ ಎಷ್ಟು ಪ್ರೀತಿಯಿಂದ ಮಾತಾಡಿದ ಗೊತ್ತಾ? "ರಜಕ್ಕೆ ಬಾರವ್ವ. ನಿನ್ ಜೊತೆ ಓದೋ ಒಳೆನರಸೀಪುರದ ಉಡುಗನ್ನೂ ಕರ್ಕೊಂಡ್ ಬಾ. ಶೆಟ್ಟಿಹಳ್ಳಿ ಹಿನ್ನೀರ್ ತಾವ ಕರ್ಕೊಂಡೋಗಿ ಹಳೇ ಚರ್ಚು ತೋರುಸ್ತೀನಿ" ಅಂದ. ಆತ್ರೇಯನಿಗೆ ಹೇಳಿದೆ, ಅವನು ಬರುತ್ತಾನಂತೆ. ಡಿಸೆಂಬರ್ ಹದಿನಾಲ್ಕಕ್ಕೆ ಟಿಕೆಟ್ಟು ಮಾಡಿಸಿದ್ದೇವೆ.

ಪಾಪ, ಆತ್ರೇಯನ ತಂದೆ ಹೋದ ಭಾನುವಾರ ಹೊಳೆಯ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಬೆರಳು ಮುರಿದುಕೊಂಡಿದ್ದಾರೆ. ನೀವು ಬಚ್ಚಲಲ್ಲಿ, ಅವರು ಹೊಳೆಯಲ್ಲಿ. ಊರಿನ ನೀರಿಗೆ ಏನಾಗಿದೆ? ಹಲ್ಲಿಲ್ಲದ ಅತ್ತಿಗೆಯನ್ನು ನೋಡಲು ಕಾಯುತ್ತಿದ್ದೇನೆ.

ನಿಮ್ಮ ನಿಸರ್ಗ


ಗೋಥೆನ್‌ಬರ್ಗ್
16 ನವೆಂಬರ್ 2024

ಅತ್ತಿಗೆ,

ಬರೆಯಬೇಡ ಅಂದ ನಿಮ್ಮ ಕಾಗದ ನಿನ್ನೆ ಸಿಕ್ಕಿತು. ನನ್ನನ್ನು ಬೈದದ್ದೆಲ್ಲ ಸರಿ. ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಭಾನುವಾರ ಅಣ್ಣ ಬೊಲೆರೊದಲ್ಲಿ ಎಲ್ಲಿಗೆ ಹೋಗಿದ್ದ? ಅದೇ ಭಾನುವಾರ ಆತ್ರೇಯನ ತಂದೆಯ ಬೆರಳು ಮುರಿದದ್ದು.

ಆತ್ರೇಯ ಮತ್ತೆ ಮತ್ತೆ ಕೇಳಿದರೂ ಅವರಪ್ಪ ಜಾರಿ ಬಿದ್ದೆ ಎಂದೇ ಹೇಳುತ್ತಾರೆ. ನನ್ನ ಅನುಮಾನವನ್ನು ಅವನಿಗೆ ಹೇಗೆ ಹೇಳಲಿ? ನನಗಾಗಿ ಕೈ ಕೊಟ್ಟವನು. ಅವನ ಅಂಗೈಯ ಗಾಯ ಈಗ ತಾನೆ ಮಾಗಿದೆ.

ನಿಮ್ಮನ್ನು ಕೇಳಿ ಮನೆಗೆ ಫೋನ್ ಮಾಡಿದೆ. ಅಣ್ಣ, ಅವಳು ತವರಿಗೆ ಹೋಗಿದ್ದಾಳೆ ಅಂದ. ನುಗ್ಗೇಹಳ್ಳಿಗೆ ಮಾಡಿದರೆ ನಿಮ್ಮಮ್ಮ, ಇಲ್ಲಿಗೆ ಬಂದೇ ಇಲ್ಲವಲ್ಲ ಅಂದರು. ಬಚ್ಚಲಲ್ಲಿ ಬಿದ್ದೆ ಎಂದು ನೀವು ಬರೆದಿದ್ದನ್ನು ನಾನು ತಮಾಷೆ ಮಾಡಿದೆ. ಆ ಹಲ್ಲು ಮುರಿದದ್ದು ಯಾರು? ನನ್ನನ್ನು ಕ್ಷಮಿಸಬೇಡಿ, ಆದರೆ ಬರೆಯಿರಿ. ಬದುಕಿದ್ದೇನೆ ಅಂತ ಬರೆಯಿರಿ.

ನಿಸರ್ಗ


ನುಗ್ಗೇಹಳ್ಳಿ
24 ನವೆಂಬರ್ 2024

ನಿಸರ್ಗ,

ಇದು ತವರಿನಿಂದ ಬರೆಯುತ್ತಿರುವುದು. ನೀನು ನನ್ನನ್ನು ಕೇಳಿ ಫೋನ್ ಮಾಡಿದ್ದೆ ಅಂತ ಅಮ್ಮ ಹೇಳಿದಳು; ಆಗ ನಾನು ಮಲ್ಲಿಪಟ್ಟಣದ ಮನೆಯಲ್ಲೇ ಇದ್ದೆ, ನಿನ್ನಣ್ಣ ಸುಳ್ಳು ಹೇಳಿದ. ಕೊನೆಯವರೆಗೂ ಓದು, ನಡುವೆ ಎದ್ದು ಅಳುವುದಕ್ಕೆ ಹೋಗಬೇಡ.

ನಿನ್ನ ನಿಜದ ಕಾಗದ ಬುಧವಾರ ಬಂತು. ಮನೆಗೆ ತಂದೆ. ಒಲೆಯ ಮೇಲೆ ಮುದ್ದೆಗೆ ಎಸರು ಕುದಿಯುತ್ತಿತ್ತು, ಹಿಟ್ಟು ಹಾಕಿ, ಮುದ್ದೆಕೋಲು ಕೈಯಲ್ಲಿ ಹಿಡಿದುಕೊಂಡೇ ಊಟಕ್ಕೆ ಕೂತವರ ಮುಂದೆ ಒಂದಕ್ಷರ ಬಿಡದೆ ಓದಿದೆ. ಮಾವ ಪೂರ್ತಿ ಕೇಳಿದರು. "ನನ್ ಮಗಳ್ ಜಡೆ ಇಡ್ದು ಎಳುದ್ನಾ" ಅಂದು ಮುಖ ಮುಚ್ಚಿಕೊಂಡರು. ನಾನು ನಿನ್ನಣ್ಣನನ್ನು ಕೇಳಿದೆ, "ಧಾರೆ ಅಲ್ಲ, ಗಾಯ ತೊಳೆದದ್ದು. ಇನ್ನಾದ್ರೂ ಹೇಳಿ, ಆವತ್ತು ಎಲ್ಲಿಗೆ ಹೋಗಿದ್ರಿ?"

ಅವನು ತಲೆ ತಗ್ಗಿಸಿ ತಟ್ಟೆ ಪಕ್ಕಕ್ಕೆ ಸರಿಸಿದ. ನಾಚಿಕೊಂಡ ಅಂದುಕೊಂಡೆ. ಆಮೇಲೆ ಅಂದ, "ಗಾಯನೋ ಧಾರೆನೋ, ಅವನ್ ಕೈ ಇಡ್ದಿದ್ದು ನಿಜ ತಾನೆ? ಊರೆಲ್ಲ ಧಾರೆ ಅಂತ ನೋಡಾಯ್ತು. ಈಗ ಅಲ್ಲ ಅಂದ್ರೆ ನನ್ ಮುಖ ಎಲ್ ಇಟ್ಕೊಳ್ಲಿ? ಇಬ್ರೂ ಬರ್ಲಿ ಸುಮ್ಕಿರು. ಹಿನ್ನೀರ್ ಏನ್ ಬತ್ತಿಲ್ಲ." ಅಪ್ಪನ ಎದುರಿಗೇ ಅಂದ. ಮಾವ ಮುಖದ ಮೇಲಿನ ಕೈ ತೆಗೆಯಲೇ ಇಲ್ಲ.

ನನ್ನ ಕೈಯಿಂದ ಕಾಗದ ಕಿತ್ತು ಒಲೆಗೆ ಹಾಕಿದ. ಇನ್ನೊಂದು ಕೈಯಲ್ಲಿ ನನ್ನ ಜುಟ್ಟು ಹಿಡಿದು ಮುಖವನ್ನು ಕುದಿಯುವ ಪಾತ್ರೆಯ ಮೇಲೆ ಬಗ್ಗಿಸಿದ. ಬಿಸಿ ಹಬೆಗೆ ಕಣ್ಣು ಕಾಣಿಸಲಿಲ್ಲ. ಹಿಂದಿನ ಸಲ ಹಲ್ಲು ಹೋದಾಗ ನಾನು ಕೈ ಎತ್ತಿರಲಿಲ್ಲ. ಹೌದು, ಅದೂ ಅವನೇ. ಫೋನೂ ಅವನೇ. ಈ ಸಲ ಕೈಯಲ್ಲಿ ಕೋಲಿತ್ತು. ನೀನು ಕಚ್ಚಿದ್ದನ್ನು ಆಗ ತಾನೇ ಓದಿದ್ದೆನಲ್ಲ. ಹಿಂದಕ್ಕೆ ಬೀಸಿದೆ. ಮಣಿಕಟ್ಟಿನ ಮೂಳೆ ಲಟಕ್ಕೆಂದಿತು, ಜುಟ್ಟು ಬಿಟ್ಟ. ಮತ್ತೆ ಬಂದ, ಮೊಣಕಾಲಿಗೆ ಹೊಡೆದೆ. ಬಿದ್ದ ಮೇಲೂ ಹೊಡೆದೆ. ನಿನ್ನನ್ನು ಎಳೆದುಕೊಳ್ಳಲು ಮಾರ್ತಾ ಇದ್ದಳು. ನನ್ನನ್ನು ಯಾರೂ ಹಿಡಿಯಲಿಲ್ಲ, ಕೋಲು ಮುರಿದ ಮೇಲೆ ನಾನೇ ನಿಲ್ಲಿಸಿದೆ. ಉಟ್ಟ ಸೀರೆಯಲ್ಲೇ ಅರಕಲಗೂಡಿಗೆ ಬಂದು ಹೊಳೆನರಸೀಪುರದ ಬಸ್ಸು ಹತ್ತಿದೆ.

ಸಂಪತ್ಕುಮಾರ ಮೇಷ್ಟ್ರ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಲಗೈ ಪೂರ್ತಿ ಪ್ಲಾಸ್ಟರ್. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತರು. ಹೊರಗೆ ಹೋಗು ಅನ್ನುತ್ತಾರೆ ಅಂದುಕೊಂಡೆ. "ಬನ್ನಿ, ಒಳಗೆ ಬನ್ನಿ. ಬೀಗರ ಮನೆಯವರು ಬಾಗಿಲಲ್ಲಿ ನಿಲ್ಲಬಾರದು" ಅಂದರು.

ಬೀಗರು! ಆವತ್ತು ನಿನ್ನಣ್ಣ ಫೋಟೋವನ್ನು ಮುಖಕ್ಕೆ ಹಿಡಿದಾಗ ಅವರೂ ಧಾರೆ ಎಂದೇ ನಂಬಿದರಂತೆ. ಹೊಳೆಯ ಮೆಟ್ಟಿಲ ಕಲ್ಲಿನ ಮೇಲೆ ಅವರ ಕೈ ಇಡಿಸಿ, ಇಬ್ಬರು ಒತ್ತಿ ಹಿಡಿದು, ನಿನ್ನಣ್ಣ ಬೊಲೆರೊದ ಜಾಕ್ ರಾಡಿನಿಂದ ಒಂದೊಂದೇ ಬೆರಳು ಜಜ್ಜಿದ. ಅವರು ಅದನ್ನು ಪಾಠ ಹೇಳುವ ಹಾಗೆ ನಿಧಾನವಾಗಿ ಹೇಳಿದರು. "ದೂರು ಯಾಕೆ ಕೊಡಲಿಲ್ಲ?" ಅಂದೆ. "ಹೇಗಮ್ಮ ಕೊಡಲಿ? ಧಾರೆ ಆದ ಮೇಲೆ ಆ ಹುಡುಗಿ ನನ್ನ ಸೊಸೆ. ಸೊಸೆಯ ಅಣ್ಣನನ್ನು ಜೈಲಿಗೆ ಕಳಿಸಿದರೆ ನಾಳೆ ಅವಳು ನನ್ನ ಮನೆಯಲ್ಲಿ ಅನ್ನ ಹೇಗೆ ಉಣ್ಣುತ್ತಾಳೆ? ಮಗ ತಾನಾಗಿ ಬಾಯಿ ಬಿಡಲಿ ಅಂತ ಕಾಯುತ್ತಿದ್ದೆ."

ನನಗೆ ತಡೆಯಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ಬಟ್ಟೆ ನನ್ನದೇ ಎಂದು ನಾನು ಹೌದು ಅಂದಿದ್ದಕ್ಕೆ ಅವರ ಬೆರಳು ಹೋದವು. ಅದನ್ನೂ ಹೇಳಿದೆ. ಆಮೇಲೆ ನಿನ್ನ ಕಾಗದ ಬಾಯಿಗೆ ಬಂದಷ್ಟು ಹೇಳಿದೆ. ಕುಡುಕ, ಬಾಟಲಿ, ಅಡ್ಡ ಬಂದ ಆತ್ರೇಯನ ಕೈ, ಮಾರ್ತಾ ಸುರಿದ ನೀರು, ಡಿಸೆಂಬರಿಗೆ ಮಾಡಿಸಿದ ಟಿಕೆಟ್ಟು, ಹಿನ್ನೀರಿನ ಮಾತು.

ಮಗನ ಕೈ ಸೀಳಿದ್ದು ಅವರಿಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ಪ್ಲಾಸ್ಟರ್ ಹಾಕಿದ ತಮ್ಮ ಕೈಯನ್ನೇ ನೋಡಿಕೊಂಡರು. ಕೊನೆಗೆ ಕೇಳಿದರು, "ಅಂದರೆ ಧಾರೆ ಆಗಿಲ್ಲ."

"ಇಲ್ಲ ಮೇಷ್ಟ್ರೇ. ದೇವರಾಣೆ ಇಲ್ಲ."

"ಹಾಗಾದರೆ ದಿಲೀಪ ನನಗೆ ಏನೂ ಆಗಬೇಕಿಲ್ಲ" ಅಂದು ಎಡಗೈಯಲ್ಲಿ ಶಲ್ಯ ಎಳೆದುಕೊಂಡರು. "ನಡಿಯಮ್ಮ, ಸ್ಟೇಷನ್‌ಗೆ ಹೋಗೋಣ."

ಅವರು ಹೇಳಿದರು, ನಾನು ಬರೆದೆ. ಅಷ್ಟು ಪಾಠ ಬರೆಸಿದ ಮನುಷ್ಯ ಎಡಗೈ ಹೆಬ್ಬೆಟ್ಟು ಒತ್ತಿದರು. ಅವರ ಬೆರಳಿನದು, ನನ್ನ ಹಲ್ಲಿನದು, ಶೆಟ್ಟಿಹಳ್ಳಿ ಹಿನ್ನೀರಿನ ಮಾತು, ಮೂರನ್ನೂ ಬರೆದೆ. ಕೋಲಿನಿಂದ ಹೊಡೆದದ್ದನ್ನೂ ಬರೆದೆ, ಮುಚ್ಚಿಡಲಿಲ್ಲ. ಸಾಕ್ಷಿ ಯಾರು ಅಂದರು, ನಾನು ಅಂದೆ. ಇನ್‌ಸ್ಪೆಕ್ಟರ್ ತಲೆ ಎತ್ತದೆ, "ಆರೋಪಿ ನಿಮಗೆ ಏನಾಗಬೇಕಮ್ಮ?" ಅಂದರು.

"ಗಂಡ" ಅಂದೆ. "ನನ್ನದು ನಿಜವಾದ ಧಾರೆ ಸಾ. ಊರೆಲ್ಲ ನೋಡಿದೆ, ನಮ್ಮಪ್ಪ ಅಮ್ಮನೇ ಎರೆದಿದ್ದು. ಬರ್ಕೊಳಿ."

ಆಗ ತಲೆ ಎತ್ತಿ ನೋಡಿದರು. ಆ ಸಂಜೆಯೇ ಆಸ್ಪತ್ರೆಯಿಂದ ಅವನನ್ನು ಕರೆದೊಯ್ದರಂತೆ, ಕೈಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದನಂತೆ. ಜೊತೆಗಿದ್ದ ಇಬ್ಬರು ಸಿಕ್ಕಿಲ್ಲ. ಅವರು ಸಿಗುವವರೆಗೆ ನೀವಿಬ್ಬರೂ ಊರಿನ ಕಡೆ ತಲೆ ಹಾಕಬೇಡಿ. ಟಿಕೆಟ್ಟು ರದ್ದು ಮಾಡಿಸಿ. ಮೇಷ್ಟ್ರು ಮಗನಿಗೆ ತಾವೇ ಎಲ್ಲ ಹೇಳುತ್ತಾರಂತೆ, ನೀನು ಸುಮ್ಮನೆ ಅವನ ಪಕ್ಕದಲ್ಲಿ ಇರು.

ನಿನ್ನ ಮೇಲೆ ಸಿಟ್ಟು ಪೂರ್ತಿ ಹೋಗಿಲ್ಲ. ತಲೆನೋವು ಎಂದು ಬರೆದ ಜಾಗದಲ್ಲಿ ಜಡೆ ಎಳೆದರು ಎಂದು ಬರೆದಿದ್ದರೆ ಆ ಮನುಷ್ಯನ ಬೆರಳು ನೆಟ್ಟಗಿರುತ್ತಿದ್ದವು. ಬಚ್ಚಲು ಎಂದು ಬರೆದ ಜಾಗದಲ್ಲಿ ನಾನು ನಿನ್ನಣ್ಣನ ಹೆಸರು ಬರೆದಿದ್ದರೂ ಅಷ್ಟೇ.

ಇನ್ನು ಮೇಲೆ ಚಿಕ್ಕಲಕ್ಷ್ಮಮ್ಮನ ಅಂಗಡಿಗೆ ಕಾಗದ ಹಾಕಬೇಡ. ಅಮ್ಮ ಒಂದು ಹಳೇ ಫೋನ್ ಕೊಟ್ಟಿದ್ದಾಳೆ, ಸಿಮ್ಮು ನನ್ನ ಹೆಸರಿನಲ್ಲೇ ತೆಗೆದುಕೊಂಡೆ. ನಂಬರ್ ಕಾಗದದ ಹಿಂದೆ ಬರೆದಿದ್ದೇನೆ. ಮಾಡು. ಇಲ್ಲಿ ಸ್ಪೀಕರ್ ಹಾಕುವವರು ಯಾರೂ ಇಲ್ಲ.

ಅನುಶ್ರೀ